ನನ್ನದಲ್ಲದ ಮಾತು

೧೯೪೮, ಜನವರಿ ೧೨, ಸೋಮವಾರ

ಬೆಳಗ್ಗೆ ಲಿಕ್ ಹಳ್ಳದ ಮೇಲುಗಡೆ ಹೆರಿಗೆ. ಹೆಣ್ಣು. ಕೂದಲು ಜಾಸ್ತಿ, ಗಂಟಲು ಇನ್ನೂ ಜಾಸ್ತಿ. ತಾಯಿ ಗಟ್ಟಿ. ಅಪ್ಪ ಒಲೆ ಮುಂದೆ ಕೂತು ಬೂಟು ಒಣಗಿಸ್ತಾ ಇದ್ದ, ತಾನೇ ಹೆತ್ತವನ ಹಾಗೆ ಸುಸ್ತು.

ಹೆರಿಗೆ ಪುಸ್ತಕದಲ್ಲಿ ಬರೆದಾಯಿತು. ಅದು ಕೌಂಟಿ ನರ್ಸಿಗೆ. ಇದು ನನಗೆ. ಮೂರು ಚಳಿಗಾಲ ಶಾಲೆ ಕಂಡವಳು ನಾನು. ಸೂಲಗಿತ್ತಿಯರೆಲ್ಲ ಹುಟ್ಟಿದ ಮಗುವಿನ ಲೆಕ್ಕ ಬರೆದಿಡಲೇಬೇಕು ಅಂತ ನರ್ಸು ಹಟ ಹಿಡಿಯದೆ ಇದ್ದಿದ್ದರೆ ಕಲಿತ ಅಕ್ಷರವೂ ಮರೆತು ಹೋಗೋದು. ಈಗ ಚಟ ಹತ್ತಿದೆ. ಬರೆಯದಿದ್ದರೆ ನಿದ್ದೆ ಬರಲ್ಲ.

ಮನೆಗೆ ಬಂದರೆ ಬೀನ್ಸ್ ತಳ ಹತ್ತಿದೆ. ಸೊಸೆ ಡೆಲ್ಫಿ ಒಲೆ ಪಕ್ಕದಲ್ಲೇ ನಿಂತು ಪೇಪರ್ ಓದ್ತಿದ್ದಾಳೆ.

"ಬೀನ್ಸ್ ಸೀದುಹೋಯ್ತು ಅಂತ ಆ ಪೇಪರಲ್ಲಿ ಹಾಕಿಲ್ವೇನೇ?"

"ನಾಳೆ ಪೇಪರಲ್ಲಿ ಬರುತ್ತೆ, ಅತ್ತೆ."

ಬಾಯಿಗೇನೂ ಕಮ್ಮಿ ಇಲ್ಲ. ಮದುವೆಗೆ ಮುಂಚೆ ಹಳ್ಳದ ಶಾಲೆಯಲ್ಲಿ ಎಂಟು ವರ್ಷ ಟೀಚರ್. ಮದುವೆಯಾದ ಹೆಂಗಸಿಗೆ ಕೆಲಸವಿಲ್ಲ ಅಂತ ಬೋರ್ಡಿನವರು ಬಿಡಿಸಿದರು. ಈಗ ನನ್ನ ಮಗನ ಕಾಗದ ಪತ್ರವೆಲ್ಲ ಇವಳದೇ. ಹೋಬರ್ಟ್ ಶಾಸನಸಭೆಯ ಮೆಂಬರು. ನಮ್ಮ ರಾಜ್ಯದ ರಾಜಧಾನಿ ಫ್ರಾಂಕ್‌ಫರ್ಟಲ್ಲಿ ಈಗ ಸಭೆ ನಡೀತಿದೆ. ಭಾಷಣ ಮಾಡೋದು ಅವನು, ಬರೆದುಕೊಡೋದು ಇವಳು. ಅವನು ಸಹಿ ಹಾಕ್ತಾನೆ. ಸಹಿ ಮಾತ್ರ ಚೆನ್ನಾಗಿದೆ.

ಜನವರಿ ೧೯

ಹೋಬರ್ಟ್ ಹೋದ.

ಫ್ರಾಂಕ್‌ಫರ್ಟ್ ಹೋಟೆಲಿನ ರೂಮಲ್ಲಿ. ಎದೆ ಹಿಡಿದುಕೊಂಡಿತಂತೆ. ನಲವತ್ತನಾಲ್ಕು.

ಇಷ್ಟು ಮಕ್ಕಳನ್ನ ಉಸಿರಾಡಿಸಿದ ಕೈ. ಏನು ಬಂತು.

ಜನವರಿ ೨೪, ಶನಿವಾರ

ನಿನ್ನೆ ಮಣ್ಣಾಯಿತು. ಗುಡ್ಡದ ಮೇಲೆ, ಅವನಪ್ಪನ ಪಕ್ಕ. ನೆಲ ಹೆಪ್ಪುಗಟ್ಟಿತ್ತು, ಗುದ್ದಲಿ ಇಳೀತಿರಲಿಲ್ಲ.

ಮನೆ ತುಂಬಾ ತಿಂಡಿ. ಸೇಬಿನ ಕೇಕೇ ಆರು. ತಿನ್ನೋರಿಗೆ ಹಸಿವಿಲ್ಲ, ತಂದೋರಿಗೆ ಹೊತ್ತುಕೊಂಡು ಹೋಗೋ ಮನಸ್ಸಿಲ್ಲ.

ಜಡ್ಜ್ ಕ್ಲೆಡಿಸ್ ಪ್ರಾಟರ್ ಬಂದಿದ್ದ. ಹೊಗೆಯಲ್ಲಿ ಒಣಗಿಸಿದ ಇಡೀ ಹಂದಿ ತೊಡೆ ತಂದಿದ್ದ. ಹೆಸರಿಗೆ ಜಡ್ಜ್, ನಡೆಸೋದು ಕೌಂಟಿಯ ಆಡಳಿತ. ಪಾರ್ಟಿ ಅಂದರೂ ಅವನೇ. ರಸ್ತೆ, ಶಾಲೆ, ಯಾರಿಗೆ ಯಾವ ಕೆಲಸ — ಎಲ್ಲ ಅವನ ಹ್ಯಾಟಿನೊಳಗೆ. ಜಗುಲಿಗೆ ಕರೆದುಕೊಂಡು ಹೋದ.

"ಮಿಂಟಕ್ಕ, ಹೋಬರ್ಟನ ಸೀಟು ಖಾಲಿ ಬಿಡೋಕಾಗಲ್ಲ. ಡೆಲ್ಫಿನ ನಿಲ್ಲಿಸೋಣ. ಎದುರಿಗೆ ಯಾರೂ ನಿಲ್ಲದ ಹಾಗೆ ನಾನು ನೋಡ್ಕೋತೀನಿ. ಮನೆಗೂ ಒಂದಾಸರೆ ಆಗುತ್ತೆ."

"ಅವಳಿಗೇನು ಗೊತ್ತು ಅಲ್ಲಿಯದು?"

"ಗೊತ್ತಿರಬೇಕಾಗಿಲ್ಲ. ಕೂತಿದ್ರೆ ಸಾಕು. ಮುಂದಿನ ವರ್ಷ ಚುನಾವಣೆ ಬಂದಾಗ ನನ್ನ ತಮ್ಮನ ಮಗ ವೆಂಡೆಲ್ ನಿಲ್ತಾನೆ. ಅಲ್ಲಿವರೆಗೆ ಸೀಟು ಬೆಚ್ಚಗಿರಲಿ. ಆಮೇಲೆ ಅವಳು ಎದ್ದು ಜಾಗ ಬಿಡ್ತಾಳೆ ಅಂತ ನಿಮ್ಮ ಮಾತು ಬೇಕು."

"ಕೊಟ್ಟೆ ಹೋಗು."

ಕೈ ಕುಲುಕಿದ. ನಮ್ಮ ಕಣಿವೆಯಲ್ಲಿ ಇಷ್ಟೇ. ಕಾಗದವಿಲ್ಲ, ಸಾಕ್ಷಿಯಿಲ್ಲ. ಜಗುಲಿಯ ಮೇಲೆ ಮನೆಯ ಹಿರಿಯರು ಮಾತು ಕೊಟ್ಟರೆ ಮುಗೀತು. ಎಪ್ಪತ್ತಮೂರು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ ನಾನು.

ಡೆಲ್ಫಿ ಒಳಗೆ ತಟ್ಟೆ ತೊಳೀತಿದ್ದಳು. ಕರೆದು ಕೇಳಬೇಕು ಅಂತ ಹೊಳೆಯಲೇ ಇಲ್ಲ.

ನಿಲ್ಲೋ ಸಂಗತಿ ಸಂಜೆ ಹೇಳಿದೆ. ಮಿಕ್ಕಿದ್ದು ಹೇಳಲಿಲ್ಲ. ಹೆಣ ಎತ್ತಿದ ಮನೆ, ಆಮೇಲೆ ನೋಡಿದರಾಯಿತು ಅಂತ.

ಫೆಬ್ರವರಿ ೧೦

ಶನಿವಾರ ವೋಟು. ಹಿಮ ಬಿದ್ದು ಅರ್ಧ ಜನ ಬರಲೇ ಇಲ್ಲ. ಎದುರಿಗೆ ಯಾರೂ ಇಲ್ಲದ ಮೇಲೆ ಬಂದು ಮಾಡೋದಾದರೂ ಏನು.

ಇವತ್ತು ಡೆಲ್ಫಿ ಕೋರ್ಟಿನ ಮುಂದಿನಿಂದ ಬಸ್ ಹತ್ತಿದಳು. ನನ್ನ ಕಪ್ಪು ಕೋಟು ಹಾಕಿದ್ದಳು, ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣ್ತಿತ್ತು. ಈ ಗುಡ್ಡಗಾಡಿನಿಂದ ಹೆಂಗಸೊಬ್ಬಳು ಆ ಸಭೆಗೆ ಹೋಗ್ತಿರೋದು ಇದೇ ಮೊದಲು. ನೋಡೋಕೆ ಬಂದಿದ್ದು ಹನ್ನೊಂದು ಜನ. ಅದರಲ್ಲಿ ನಾಲ್ಕು ಜನ ಬಸ್ಸಿಗೇ ಬಂದವರು.

ಮೈದುನ ಲಾಂಜೋ ಗಡ್ಡ ನೀವಿಕೊಂಡು ಹೇಳಿದ, "ಅತ್ತಿಗೆ, ಚರ್ಚಲ್ಲಿ ಹೆಂಗಸರು ಎದ್ದು ಮಾತಾಡೋ ಹಾಗಿಲ್ಲ. ಸಭೇಲಿ ಮಾತಾಡಬಹುದಾ?" ಲಾಂಜೋ ನಮ್ಮ ಪಾದ್ರಿ. ಭಾನುವಾರ ಮೂರು ಗಂಟೆ ಒಂದೇ ಸಮ ಮಾತಾಡ್ತಾನೆ.

"ನೀನು ಚರ್ಚಲ್ಲಿ ಒಂದು ಸಲ ಬಾಯಿ ಮುಚ್ಚು, ಆಗ ಗೊತ್ತಾಗುತ್ತೆ," ಅಂದೆ.

ಮೊಮ್ಮಗಳು ಓಲಾ ಅಳಲಿಲ್ಲ. ಹದಿಮೂರಕ್ಕೇ ಗಟ್ಟಿ.

ಫೆಬ್ರವರಿ ೨೨

ಡೆಲ್ಫಿಯ ಕಾಗದ. ಓಲಾ ಜೋರಾಗಿ ಓದಿದಳು, ನಾನು ಆಲೂಗಡ್ಡೆ ಸುಲಿಯುತ್ತಾ ಕೇಳಿದೆ.

ಅವಳು ಒಳಗೆ ಬಂದರೆ ಗಂಡಸರೆಲ್ಲ ಎದ್ದು ನಿಲ್ಲುತ್ತಾರಂತೆ. ಬಾಯಿ ತೆಗೆದರೆ ಎಲ್ಲರೂ ಎದ್ದು ಹೊರಗೆ ಹೋಗುತ್ತಾರಂತೆ. ಮೇಜಿನ ಮೇಲೆ ದಿನಾ ಒಂದು ಹೂವು. ಗಾಳಿ ಬೀಸೋ ಬಾಗಿಲ ಪಕ್ಕ ಕುರ್ಚಿ. ಮೊದಲನೇ ಕಮಿಟಿಯಲ್ಲಿ ಒಬ್ಬ ಕಾಫಿ ಕೆಟಲ್ ತೋರಿಸಿ, "ಸ್ವಲ್ಪ ಹಾಕ್ತೀರಾ ಮೇಡಂ" ಅಂದನಂತೆ. ಇವಳು ಎದ್ದು ಹೋಗಿ ತನ್ನ ಬಟ್ಟಲಿಗೆ ಹಾಕಿಕೊಂಡು, ಬಂದು ಕೂತು, ಕುಡಿದಳಂತೆ.

ಆಲೂಗಡ್ಡೆ ಕೈಯಿಂದ ಜಾರಿ ಒಲೆ ಕೆಳಗೆ ಹೋಯಿತು. ಅಷ್ಟು ನಕ್ಕೆ. ಹೋಬರ್ಟ್ ಹೋದ ಮೇಲೆ ಇದೇ ಮೊದಲು.

ಮಾರ್ಚ್ ೧

ಇನ್ನೊಂದು ಕಾಗದ. ವಿಚಿತ್ರ ಕೇಳಿದ್ದಾಳೆ. ನನ್ನ ಹೆರಿಗೆ ಪುಸ್ತಕಗಳು ಬೇಕಂತೆ. ಸೂಲಗಿತ್ತಿಯಾಗಿದ್ದ ನನ್ನ ಅತ್ತೆ ತಾವಾಗೇ ಬರೆದಿಟ್ಟದ್ದೂ ಸೇರಿ ಎಲ್ಲ.

ಕಾರಣ ಗೊತ್ತಿದೆ. ಗಣಿಯಲ್ಲಿ ದುಡಿದು ಎದೆ ಕೆಟ್ಟ ಮುದುಕರು ಸರ್ಕಾರ ಕೊಡೋ ವೃದ್ಧರ ಸಹಾಯಧನ ಕೇಳೋಕೆ ಆಫೀಸಿಗೆ ಹೋಗುತ್ತಾರೆ. ಹುಟ್ಟಿದ ದಾಖಲೆ ತಾ ಅನ್ನುತ್ತಾರೆ. ಎಲ್ಲಿಂದ ತರೋದು? ಎಲ್ಲ ಮನೆಯಲ್ಲಿ ಹುಟ್ಟಿದವರು, ಸೂಲಗಿತ್ತಿ ಕೈಗೆ. ಪಕ್ಕದ ಎನಿಸ್ ಮುದುಕ ಆಫೀಸಿಂದ ಬಂದು ನನ್ನ ಕೇಳಿದ್ದ, "ಮಿಂಟಿ, ನಾನು ಹುಟ್ಟೇ ಇಲ್ಲವಂತೆ. ಹಾಗಾದ್ರೆ ಈ ಮಂಡಿ ನೋವು ಯಾರದು?"

ಒಂಬತ್ತು ಪುಸ್ತಕ. ದಿಂಬಿನ ಚೀಲದಲ್ಲಿ ಕಟ್ಟಿ ಪೋಸ್ಟಿಗೆ ಕೊಟ್ಟೆ. ಅದರಲ್ಲಿ ನಾನು ಬರೆದದ್ದೆಲ್ಲ ನೆನಪಾಗಿ ಮುಖ ಬಿಸಿಯಾಯಿತು. ಹೋಗಲಿ. ಸುಳ್ಳಂತೂ ಬರೆದಿಲ್ಲ.

ಮಾರ್ಚ್ ೨೧

ಡೆಲ್ಫಿ ಬಂದಳು, ಪುಸ್ತಕದ ಚೀಲ ಹೊತ್ತುಕೊಂಡು. ಸಭೆ ಮುಗಿಯಿತು. ಅವಳು ತಂದ ಕಾನೂನಿನ ಬಿಲ್ಲು ಕೊನೇ ದಿನ ಪಾಸಾಯಿತು! ಇನ್ನು ಮೇಲೆ ಸೂಲಗಿತ್ತಿಯ ಪುಸ್ತಕದಲ್ಲಿದ್ದರೆ ಹುಟ್ಟಿದ ಹಾಗೆ, ಆಫೀಸಿನವರು ಒಪ್ಪಲೇಬೇಕು.

ಸುಲಭಕ್ಕೆ ಆಗಿಲ್ಲ. ಕಮಿಟಿಯವರು ನಂಬಲಿಲ್ಲವಂತೆ. ಓದಿದ್ದು ಮೂರು ಚಳಿಗಾಲ, ಈ ಅಜ್ಜಿ ಗೀಚಿದ್ದನ್ನ ದಾಖಲೆ ಅನ್ನೋದು ಹೇಗೆ ಅಂದರಂತೆ. ಇವಳು ಎದ್ದು ನಿಂತು ಪುಸ್ತಕ ಓದೋಕೆ ಶುರು ಮಾಡಿದ್ದಾಳೆ. ಸುಮ್ಮನೆ ಓದಿದ್ದಾಳೆ, ಒಂದಾದ ಮೇಲೆ ಒಂದು. 'ಗಂಡು. ಬೆಳಗ್ಗೆ ಆರು. ಮಂಜು. ಅಪ್ಪ ಕುಡಿದು ಕೊಟ್ಟಿಗೆಯಲ್ಲಿದ್ದ.' 'ಹೆಣ್ಣು. ಅಜ್ಜನ ಮೂಗು, ಪಾಪ.' 'ಗಂಡು. ಮೂರು ಗಂಟೆ ಹೊಡೆದಾಡಿ ಬಂದ. ದೊಡ್ಡವನಾದರೆ ವಕೀಲ ಆಗ್ತಾನೆ.' ಕಮಿಟಿಯ ಕೊನೆ ಕುರ್ಚಿಯಲ್ಲಿ ಕೂತಿದ್ದ ವಕೀಲನೊಬ್ಬ ಕೈ ಎತ್ತಿ, "ಆ ತಾರೀಕು ಇನ್ನೊಂದು ಸಲ ಓದಿ" ಅಂದನಂತೆ. ಓದಿದಳು. ಅವನು ನಮ್ಮ ಹಳ್ಳದಲ್ಲೇ ಹುಟ್ಟಿ ಮೂರು ವರ್ಷಕ್ಕೆ ಊರು ಬಿಟ್ಟವನು! ನಕ್ಕು ನಕ್ಕು ಇಡೀ ರೂಮು ಅವಳ ಕಡೆ ಬಂತಂತೆ.

"ನಿಮ್ಮಿಂದ ಆಯ್ತು, ಅತ್ತೆ."

"ನಾನೇನು ಮಾಡಿದೆ? ಮಗು ಹಿಡಿದೆ, ಬರೆದೆ. ಹೊತ್ತುಕೊಂಡು ಹೋಗಿ ಅಲ್ಲಿ ನಿಂತವಳು ನೀನು."

ಒಳಗೆ ಹೋಗಿ ಬೀನ್ಸ್ ಬಡಿಸಿದೆ. ಕಣ್ಣಲ್ಲಿ ಹೊಗೆ.

ಜುಲೈ ೧೭

ಜಗುಲಿಯಲ್ಲಿ ಇವತ್ತು ಐದು ಮುದುಕರು. ಹ್ಯಾಟು ಕೈಯಲ್ಲಿ. "ನಾನು ಹುಟ್ಟಿದ್ದೀನಾ ನೋಡು ಮಿಂಟಿ." ಎಲ್ಲರನ್ನೂ ಹುಡುಕಿಕೊಟ್ಟೆ. ಎನಿಸ್ ಮುದುಕನಿಗೆ ಸಹಾಯ ಮಂಜೂರಾಯಿತಂತೆ. ಎಂಬತ್ತೊಂದನೇ ವಯಸ್ಸಿಗೆ ಹುಟ್ಟಿದ ಖುಷಿಗೆ ಕಲ್ಲಂಗಡಿ ತಂದುಕೊಟ್ಟ.

ಎಲ್ಲರೂ ಕೇಳೋದು ಒಂದೇ. ಡೆಲ್ಫಿ ಮುಂದಿನ ಸಲ ನಿಲ್ತಾಳೆ ತಾನೇ?

ನಾನು ಕಲ್ಲಂಗಡಿ ಕೊಯ್ಯುತ್ತಾ ಇದ್ದೆ. ಎಲ್ಲರ ಕೈಗೂ ಒಂದೊಂದು ಹೋಳು ಕೊಟ್ಟೆ.

೧೯೪೯, ಏಪ್ರಿಲ್ ೧೭, ಈಸ್ಟರ್

ಹೇಳಲೇಬೇಕಾಯಿತು.

ಊಟವಾದ ಮೇಲೆ ಡೆಲ್ಫಿಯೇ ತೆಗೆದಳು. ಆಗಸ್ಟಿನ ಪ್ರೈಮರಿಗೆ, ಪಾರ್ಟಿಯೊಳಗಿನ ಚುನಾವಣೆಗೆ, ನಿಲ್ಲುತ್ತಾಳಂತೆ. ನಮ್ಮಲ್ಲಿ ಪ್ರೈಮರಿ ಗೆದ್ದರೆ ಗೆದ್ದ ಹಾಗೆ, ಆ ಕಡೆ ಪಾರ್ಟಿಯವರು ಹೆಸರಿಗಷ್ಟೇ. ಶಾಲೆಗಳ ಬಗ್ಗೆ ಏನೇನೋ ಬರೆದಿಟ್ಟಿದ್ದಾಳೆ, ಎರಡು ನೋಟ್‌ಬುಕ್ ತುಂಬಾ. ಮದುವೆಯಾದ ಟೀಚರನ್ನ ಮನೆಗೆ ಕಳಿಸೋ ಹಾಗಿಲ್ಲ ಅನ್ನೋದೇ ಮೊದಲನೆಯದು.

ಜಗುಲಿಯ ಮಾತು ಹೇಳಿದೆ. ಎಲ್ಲ.

ನೋಟ್‌ಬುಕ್ ಎರಡೂ ಮುಚ್ಚಿಟ್ಟಳು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ.

"ನಾನು ಒಳಗೇ ಇದ್ದೆ, ಅತ್ತೆ. ಹತ್ತು ಹೆಜ್ಜೆ."

"ಗೊತ್ತು."

"ಹಸು ಮಾರೋಕಾದ್ರೂ ಮನೇಲಿ ಒಂದು ಮಾತು ಕೇಳ್ತೀರ."

ಎದ್ದು ಕೋಳಿಗೆ ಕಾಳು ಹಾಕೋಕೆ ಹೋದೆ. ಬೆಳಗ್ಗೆಯೇ ಹಾಕಿದ್ದೆ.

ಏಪ್ರಿಲ್ ೧೯

ಡೆಲ್ಫಿ ಹೇಳಿದಳು. ಪಾತ್ರೆ ಒರೆಸುತ್ತಾ, ಮುಖ ನೋಡದೆ. "ನಿಮ್ಮನ್ನ ಮಾತು ತಪ್ಪಿದವರು ಅನ್ನಿಸಿ ನಾನು ಗೆಲ್ಲಲ್ಲ. ನೀವು ಹ್ಞೂಂ ಅಂದ್ರೆ ಹೆಸರು ಕೊಡ್ತೀನಿ. ಇಲ್ಲಾಂದ್ರೆ ಇಲ್ಲ. ಜೂನ್ ಮಧ್ಯದವರೆಗೆ ಟೈಮಿದೆ."

ಬೈದಿದ್ದರೆ ಒಳ್ಳೇದಿತ್ತು. ಪೂರ್ತಿ ಭಾರ ನನ್ನ ತಲೆ ಮೇಲೆ ಇಟ್ಟು ಪಾತ್ರೆ ಜೋಡಿಸೋಕೆ ಹೋದಳು.

ಮೇ ೬

ಕೋರ್ಟಿಗೆ ಹೋಗಿ ಜಡ್ಜನ್ನ ಕಂಡೆ. ಹೊಸ ಹ್ಯಾಟು ಹಾಕಿಕೊಂಡು ಹೋಗಿದ್ದೆ. ಕೇಳಿಕೊಳ್ಳೋಕೆ ಹೋದವಳು ಅಂತ ಕಾಣಬಾರದಲ್ಲ.

"ಕ್ಲೆಡಿಸ್, ಆ ಮಾತು ವಾಪಸ್ ಕೊಡು."

ನಕ್ಕ. "ಮಿಂಟಕ್ಕ, ಈ ಕೌಂಟೀಲಿ ಬ್ಯಾಂಕಿನ ಬಾಗಿಲು ಮುಚ್ಚಿದ್ದುಂಟು, ನಿಮ್ಮ ಮಾತು ಬಿದ್ದಿದ್ದಿಲ್ಲ. ಅದನ್ನ ನಾನ್ಯಾಕೆ ಕಳ್ಕೊಳ್ಳಲಿ? ಡೆಲ್ಫಿಗೆ ಇಲ್ಲೇ ಆಫೀಸಲ್ಲಿ ಒಂದು ಕೆಲಸ ಕೊಡೋಣ. ಬರೀತಾಳಲ್ಲ ಚೆನ್ನಾಗಿ."

ವೆಂಡೆಲ್ ಅಲ್ಲೇ ಇದ್ದ, ಕಿಟಕಿಗೆ ಒರಗಿಕೊಂಡು. ಬೂಟು ಹೊಳೀತಿತ್ತು. "ಅಜ್ಜಿ, ಹುಟ್ಟುವಾಗ ನನ್ನ ಹಿಡಿದಿದ್ದೂ ನೀವೇ ಅಲ್ವಾ? ನಾನೂ ನಿಮ್ಮ ಮಗನ ಹಾಗೇ."

"ಹಿಡಿದಿದ್ದು ಹೌದು. ಕಾಲು ಮುಂದಾಗಿ ಬಂದೆ. ಒಂದೂವರೆ ದಿನ ಎಲ್ಲರಿಗೂ ಕೆಲಸ ಕೊಟ್ಟೆ, ನೀನು ಮಾತ್ರ ಏನೂ ಮಾಡಲಿಲ್ಲ. ಪುಸ್ತಕದಲ್ಲಿದೆ, ನೋಡ್ಕೊ."

ಬಂದುಬಿಟ್ಟೆ. ದಾರಿಯುದ್ದ ಅದೇ ಯೋಚನೆ. ಡೆಲ್ಫಿ ನಿಂತರೆ ನಾನು ಸುಳ್ಳಿ. ನಿಲ್ಲದಿದ್ದರೆ ಎಪ್ಪತ್ತನಾಲ್ಕು ವರ್ಷದ ನನ್ನ ಮರ್ಯಾದೆಗೆ ಅವಳು ಬೆಲೆ ತೆರಬೇಕು.

ಮೇ ೨೯, ಭಾನುವಾರ

ಸಮಾಧಿಗೆ ಹೂವಿಡೋ ದಿನ. ಇವತ್ತಿನದು ಪೂರ್ತಿ ಬರೆದಿಡಬೇಕು.

ವಾರವೆಲ್ಲ ಕಾಗದದ ಹೂವು ಮಾಡಿ ಮೇಣದಲ್ಲಿ ಅದ್ದಿದ್ದೆವು. ಗುಡ್ಡದ ಮೇಲೆ ನಮ್ಮ ಸ್ಲೋನ್ ಮನೆತನದವರೆಲ್ಲ, ಮಕ್ಕಳು ಮರಿ ಸೇರಿ ಇನ್ನೂರಕ್ಕೆ ಮೇಲೆ. ಹುಲ್ಲು ಕಿತ್ತರು, ಹೂವಿಟ್ಟರು. ಲಾಂಜೋ ಉಪದೇಶ ಮಾಡಿದ, ಕೋಳಿ ತಣ್ಣಗಾಗೋವರೆಗೆ. ಚುನಾವಣೆಯ ವರ್ಷವಾದರೆ ಊಟಕ್ಕೆ ಮುಂಚೆ ಮನೆತನದ ಹಿರಿಯರು ಎದ್ದು ನಿಂತು ಒಂದು ಹೆಸರು ಹೇಳುತ್ತಾರೆ. ಲಿಕ್ ಹಳ್ಳದ ವೋಟಿನ ಪೆಟ್ಟಿಗೆಯಲ್ಲಿ ಆ ಹೆಸರೇ ಬೀಳುತ್ತೆ. ಮಾವ ಹೇಳುತ್ತಿದ್ದರು, ಆಮೇಲೆ ನನ್ನ ಗಂಡ, ಈಗ ಹತ್ತು ವರ್ಷದಿಂದ ನಾನು.

ಜಡ್ಜ್ ಬಂದು ನಿಂತಿದ್ದ. ಪಕ್ಕದಲ್ಲಿ ವೆಂಡೆಲ್, ಕೈಯಲ್ಲಿ ಹೋಬರ್ಟಿಗೆ ಅಂತ ಅಂಗಡಿಯಿಂದ ಕೊಂಡು ತಂದ ಹೂವು.

ಎದ್ದೆ. ಹೋಬರ್ಟನ ಕಲ್ಲು ಹಿಡಿದುಕೊಂಡೆ.

"ಹೋದ ವರ್ಷ ಜನವರಿಯಲ್ಲಿ ಜಡ್ಜ್‌ಗೆ ಒಂದು ಮಾತು ಕೊಟ್ಟೆ. ಡೆಲ್ಫಿ ಒಂದು ವರ್ಷ ಕೂತು ಎದ್ದುಬರ್ತಾಳೆ ಅಂತ. ಅವಳನ್ನ ಕೇಳಲಿಲ್ಲ. ನನ್ನ ಹಸು ನಾನು ಕೊಡಬಹುದು, ನನ್ನ ಹೊಲ ಕೊಡಬಹುದು. ಅವಳ ದುಡಿಮೆ ನನ್ನದಲ್ಲ. ನನ್ನದಲ್ಲದ್ದನ್ನ ಕೊಟ್ಟುಬಿಟ್ಟೆ. ಇವತ್ತು ಎಲ್ಲರೆದುರು ವಾಪಸ್ ತಗೋತಿದ್ದೀನಿ."

ಒಂದು ಕೂಸು ಅಳುತ್ತಿತ್ತು, ಅದರ ತಾಯಿ ಬಾಯಿಗೆ ಮೊಲೆ ಇಟ್ಟಳು.

"ಮಾತು ತಪ್ಪಿದೋಳು ಅಂತ ಕರೀಬೇಕಾದ್ರೆ ನನ್ನ ಕರೀರಿ. ಅವಳನ್ನಲ್ಲ."

"ಹಾಗಾದ್ರೆ ಡೆಲ್ಫಿ ಹೆಸರು ಹೇಳ್ತಿದ್ದೀರ, ಮಿಂಟಕ್ಕ?" ಜಡ್ಜ್ ಕೇಳಿದ. ಕೆಂಪಗಾಗಿದ್ದ.

ಇದನ್ನ ನಾನು ಯೋಚಿಸಿಕೊಂಡು ಬಂದಿರಲಿಲ್ಲ. ಅಲ್ಲೇ ಬಂತು ಬಾಯಿಗೆ. "ಇಲ್ಲ. ಈ ವರ್ಷ ಹೆಸರು ಹೇಳಲ್ಲ. ಒಬ್ಬಳ ಪರವಾಗಿ ಮಾತು ಕೊಟ್ಟಿದ್ದಕ್ಕೇ ಇಷ್ಟಾಯ್ತು. ಇನ್ನೂರು ಜನರ ಪರವಾಗಿ ಯಾಕೆ ಕೊಡಲಿ? ನಿಮ್ಮ ನಿಮ್ಮ ವೋಟು ನಿಮ್ಮದು. ಕೋಳಿ ತಣ್ಣಗಾಯ್ತು, ಊಟ ಮಾಡಿ."

ಲಾಂಜೋ ಹತ್ತಿರ ಬಂದ. "ಅತ್ತಿಗೆ, ಸ್ಲೋನ್ ಮಾತು ಅಂದ್ರೆ ಕಬ್ಬಿಣ ಅಂತಿದ್ರು. ಅಣ್ಣನ ಸಮಾಧಿ ಎದುರಿಗೇ ಮುರಿದುಬಿಟ್ರಲ್ಲ."

ಅವನು ಹೇಳಿದ್ದು ನಿಜ.

ಡೆಲ್ಫಿ ತಟ್ಟೆ ತಂದುಕೊಟ್ಟಳು. ಕೋಳಿಯ ಎರಡು ಕಾಲೂ ನನ್ನ ತಟ್ಟೆಯಲ್ಲೇ ಇತ್ತು. ನನ್ನ ಹತ್ತಿರ, ಭುಜಕ್ಕೆ ಭುಜ ತಾಗಿಸಿಕೊಂಡು ಕೂತಳು.

ಮೇ ೩೧

ಡೆಲ್ಫಿ ಹೆಸರು ಕೊಟ್ಟು ಬಂದಳು.

ಜುಲೈ ೨

ಐದು ವಾರದಿಂದ ಒಂದು ಹೆರಿಗೆಗೂ ಕರೆದಿಲ್ಲ. ಮೇಲಿನ ಮನೆಯ ಹುಡುಗಿ ದಿನ ತುಂಬಿದವಳು, ಹೆದ್ದಾರಿ ದಾಟಿ ಆಸ್ಪತ್ರೆಗೆ ಹೋದಳು. ಅಂಗಡಿಯಲ್ಲಿ ದಾರ ಕೇಳಿದರೆ, "ನಿಜವಾಗ್ಲೂ ಬೇಕಾ? ಆಮೇಲೆ ವಾಪಸ್ ಮಾಡಲ್ಲ ತಾನೇ?" ಅಂದ ಆ ಬೋಳುತಲೆಯವನು. ಎಲ್ಲರೂ ನಕ್ಕರು.

ನಗಲಿ. ದಾರ ತಗೊಂಡು ಬಂದೆ. ಕೆಟ್ಟ ದಾರ.

ಡೆಲ್ಫಿಗೆ ಹೇಳಿಲ್ಲ.

ಜುಲೈ ೨೦

ಡೆಲ್ಫಿಯ ಜೊತೆ ಗಣಿಯ ಬಾಯಿಗೆ ಹೋಗಿದ್ದೆ. ಪಾಳಿ ಬದಲಾಗೋ ಹೊತ್ತು. ಒಳಗಿಂದ ಕಪ್ಪಗೆ ಹೊರಬರುತ್ತಿದ್ದರು, ಕಣ್ಣು ಹಲ್ಲು ಮಾತ್ರ ಕಾಣೋದು. ಒಂದು ಪೆಟ್ಟಿಗೆ ಮೇಲೆ ನಿಂತು ಮಾತಾಡಿದಳು. ಶಾಲೆ, ಶಾಲೆಗೆ ಹೋಗೋ ದಾರಿ, ಎದೆ ಕೆಟ್ಟವರ ಸಹಾಯ. ಕಾಗದ ನೋಡದೆ ಹೇಳಿದಳು. ಹೋಬರ್ಟನ ಬಾಯಲ್ಲಿ ಕೇಳಿದ್ದ ಮಾತುಗಳೇ ಕೆಲವು. ಈಗ ಒಡತಿಯ ಬಾಯಿಂದಲೇ ಬರ್ತಿತ್ತು.

ಹಿಂದಿನಿಂದ ಒಬ್ಬ ಕೂಗಿದ, "ನೀವಿಲ್ಲಿದ್ರೆ ಮನೇಲಿ ಅಡುಗೆ ಯಾರು ಮಾಡ್ತಾರೆ?"

"ನಮ್ಮತ್ತೆ. ಬನ್ನಿ ಊಟಕ್ಕೆ. ಬೀನ್ಸು, ಜೊತೆಗೆ ಬೈಗುಳ. ಬೈಗುಳ ಎರಡನೇ ಸಲವೂ ಬಡಿಸ್ತಾರೆ."

ಗಣಿಯ ಬಾಯೇ ನಕ್ಕ ಹಾಗಾಯಿತು. ನಾನು ಕೊಡೆ ಎತ್ತಿ ಬೀಸಿದೆ ಅವನ ಕಡೆ. ಇನ್ನೂ ಜೋರು ನಗು.

ಆದರೆ ನಮ್ಮ ಹಳ್ಳದವರು, ನಮ್ಮ ಮನೆತನದವರು... ಅವರು ಏನೂ ಹೇಳೋದಿಲ್ಲ. ಎದುರಿಗೆ ಸಿಕ್ಕರೆ ಹ್ಯಾಟು ಮುಟ್ಟುತ್ತಾರೆ, ಹೋಗುತ್ತಾರೆ. ವೆಂಡೆಲ್ ಎರಡು ಸಲ ಲಾಂಜೋ ಮನೆಯಲ್ಲಿ ಊಟ ಮಾಡಿದ್ದಾನೆ.

ಆಗಸ್ಟ್ ೬, ಶನಿವಾರ

ವೋಟು ಹಾಕಿದೆ. ಬೂತಿನಲ್ಲಿ ನನ್ನ ಹಿಂದೆ ಮುಂದೆ ಎಲ್ಲ ನಮ್ಮವರೇ. ಯಾರ ಮುಖದಲ್ಲೂ ಏನೂ ಓದೋಕಾಗಲಿಲ್ಲ. ನಾನೇ ತಾನೇ ಹೇಳಿದ್ದು, ನಿಮ್ಮ ವೋಟು ನಿಮ್ಮದು ಅಂತ. ಎಂಥ ಬಾಯಿ ನನ್ನದು.

ಆಗಸ್ಟ್ ೮, ಸೋಮವಾರ. ಕೋರ್ಟಿನ ಹಾಲ್, ಹತ್ತು ಗಂಟೆ

ಎಣಿಕೆ. ಪೆಟ್ಟಿಗೆ ಒಂದೊಂದೇ ತೆಗೆದು ಗುಮಾಸ್ತ ಚೀಟಿ ಓದುತ್ತಾನೆ, ಜೋರಾಗಿ, ಎಲ್ಲರಿಗೂ ಕೇಳೋ ಹಾಗೆ. ಬೆಂಚಿನ ಮೇಲೆ ಕೂತು ಇದರಲ್ಲೇ ಗೀಟು ಹಾಕ್ತಿದ್ದೀನಿ. ಡೆಲ್ಫಿ ಪಕ್ಕದಲ್ಲಿ. ಕೈ ಮಡಿಲಲ್ಲಿ ಬಿಗಿ.

ಪೇಟೆಯದು ವೆಂಡೆಲಿಗೆ. ಗೊತ್ತಿದ್ದದ್ದೇ.

ಹನ್ನೊಂದೂವರೆ

ಗಣಿಯ ಕಾಲನಿಯದು ಡೆಲ್ಫಿಗೆ. ಬೇಕಾದಷ್ಟು ಅಲ್ಲ, ಆದರೂ.

ಎರಡು ಗಂಟೆ

ಒಂದೇ ಪೆಟ್ಟಿಗೆ ಉಳಿದಿದೆ. ಲಿಕ್ ಹಳ್ಳ. ನಮ್ಮದು. ಡೆಲ್ಫಿ ಎಪ್ಪತ್ತು ಹಿಂದೆ. ಪೆಟ್ಟಿಗೆಯಲ್ಲಿ ನೂರಾ ಮೂವತ್ತೊಂದು ಚೀಟಿ. ಓಲಾ ಲೆಕ್ಕ ಹಾಕಿ ಹೇಳಿದಳು, ನೂರಾ ಒಂದು ಬೇಕು.

ನಾನು ಹೆಸರು ಹೇಳಿದ್ದಿದ್ದರೆ ನೂರಾ ಮೂವತ್ತೊಂದೂ ಬೀಳ್ತಿತ್ತು. ನಾನೇ ಬಿಚ್ಚಿ ಬಿಟ್ಟೆ. ಡೆಲ್ಫಿ ನನ್ನ ಮುಖ ನೋಡಿದಳು, ಅದೇ ಯೋಚನೆ ಅಂತ ಗೊತ್ತಾಯಿತೇನೋ. "ಬಿಡಿ ಅತ್ತೆ. ಹೆಸರು ಹೇಳಿಸಿಕೊಂಡು ಗೆದ್ದಿದ್ರೆ ಅದೂ ಜಗುಲಿ ಮಾತೇ ಆಗ್ತಿತ್ತು."

ಶುರು. ಸ್ಲೋನ್. ಸ್ಲೋನ್. ಪ್ರಾಟರ್. ಸ್ಲೋನ್. ಸ್ಲೋನ್. ಸ್ಲೋನ್. ಪ್ರಾಟರ್.

ಗೀಟು ವಾರೆಯಾಗ್ತಿದೆ.

ಸ್ಲೋನ್ ಅರವತ್ತು, ಪ್ರಾಟರ್ ಹದಿನಾಲ್ಕು. ಜಡ್ಜ್ ಹ್ಯಾಟು ತೆಗೆದು ಬೆವರು ಒರೆಸಿದ. ಎಂಬತ್ತೈದು. ತೊಂಬತ್ತು. ತೊಂಬತ್ತೆಂಟು. ಪ್ರಾಟರ್. ತೊಂಬತ್ತೊಂಬತ್ತು. ನೂರು.

ಪ್ರಾಟರ್.

ಸ್ಲೋನ್.

ಓಲಾ ಕಿರುಚಿದಳು

ಅದೇ ದಿನ, ಐದು ಗಂಟೆ, ಮನೆ

ನೂರಾ ಹನ್ನೆರಡು, ಹತ್ತೊಂಬತ್ತು. ಒಟ್ಟು ಇಪ್ಪತ್ತಮೂರು ವೋಟಲ್ಲಿ ಗೆದ್ದಳು. ಯಾರೂ ಹೇಳಿಕೊಡದೆ, ಒಬ್ಬೊಬ್ಬರೂ ತಾವೇ ಯೋಚಿಸಿ ಹಾಕಿದ್ದು. ಹಳ್ಳದ ಪೆಟ್ಟಿಗೆ ಹೀಗೆ ತುಂಬಿದ್ದು ಇದೇ ಮೊದಲು. ಗೆದ್ದದ್ದಕ್ಕಿಂತ ಇದೇ ಜಾಸ್ತಿ ಹೆಮ್ಮೆ. ಇಲ್ಲ, ಗೆದ್ದದ್ದೂ ಅಷ್ಟೇ ಹೆಮ್ಮೆ. ಯಾಕೆ ಸುಳ್ಳು ಬರೀಲಿ.

ವೆಂಡೆಲ್ ಬಂದು ಡೆಲ್ಫಿಯ ಕೈ ಕುಲುಕಿದ. ಅಷ್ಟು ಕೆಟ್ಟವನಲ್ಲ. ಸೋಮಾರಿ.

ಜಡ್ಜ್ ಮೆಟ್ಟಿಲ ಮೇಲೆ ಸಿಕ್ಕ. "ಇನ್ಮೇಲೆ ನಿಮ್ಮ ಮಾತಿಗೆ ಈ ಕೌಂಟೀಲಿ ಏನು ಬೆಲೆ, ಮಿಂಟಕ್ಕ?"

"ನನ್ನ ಬಗ್ಗೆ ಕೊಟ್ಟ ಮಾತಿಗೆ ಮೊದಲಿದ್ದಷ್ಟೇ ಬೆಲೆ. ಬೇರೆಯವರದ್ದು ಬೇಕಾದ್ರೆ ಅವರನ್ನೇ ಕೇಳು. ಬಾಗಿಲು ತಟ್ಟೋದು ಗೊತ್ತಲ್ಲ ನಿಂಗೆ."

ಲಾಂಜೋ ಲಾರಿಯಲ್ಲಿ ಮನೆಗೆ ಬಿಟ್ಟ. ದಾರಿಯಲ್ಲಿ ಒಂದೇ ಮಾತು. "ನನ್ನದು ಯಾರಿಗೆ ಅಂತ ಕೇಳಬೇಡಿ, ಅತ್ತಿಗೆ."

"ಕೇಳಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವನೇ, "ಓದೋ ಹುಡುಗೀರು ಜಾಸ್ತಿ ನಮ್ಮನೇಲಿ. ಶಾಲೆ ಬೇಕಲ್ಲ," ಅಂದ. ನಾನು ಕಿಟಕಿಯ ಆಚೆ ನೋಡಿದೆ. ನಗು ಕಾಣಬಾರದಲ್ಲ.

ಸೆಪ್ಟೆಂಬರ್ ೧೩

ಹೆರಿಗೆ. ಗಂಡು. ಹಳ್ಳದ ಕೆಳಗಿನ ಮನೆ. ಎರಡು ಮೈಲಿ ಓಡಿ ಬಂದು ಕರೆದ ಅವನಪ್ಪ. ಬಾಯಿ ತುಂಬಾ ಬೈದೆ, ಇಷ್ಟು ತಡವಾಗಿ ಕರೆದಿದ್ದಕ್ಕೆ. ಮೈಯೆಲ್ಲ ಹಗುರ.

ನವೆಂಬರ್ ೯

ಆ ಕಡೆ ಪಾರ್ಟಿಯವರ ಎದುರೂ ನಿನ್ನೆ ಗೆದ್ದಳು. ಈ ಸಲ ನೋಡೋಕೆ ಬಂದವರನ್ನ ಎಣಿಸೋಕಾಗಲಿಲ್ಲ.

೧೯೫೦, ಜನವರಿ ೨

ಬಸ್ ಹತ್ತಿದಳು. ತನ್ನದೇ ಕೋಟು. ಬೂದು ಬಣ್ಣ, ತೋಳು ಸರಿಯಾಗಿದೆ.

ಮಾರ್ಚ್ ೧೦

ಟೀಚರುಗಳ ಬಿಲ್ಲು ಬಿತ್ತು. ಎಂಟು ವೋಟಲ್ಲಿ. ಕಾಗದದಲ್ಲಿ ಒಂದೇ ಸಾಲು, 'ಮತ್ತೆ ತರ್ತೀನಿ.'

೧೯೫೨, ಮಾರ್ಚ್ ೬

ಮತ್ತೆ ತಂದಳು. ಪಾಸಾಯಿತು. ಮದುವೆಯಾದ ಟೀಚರನ್ನ ಇನ್ನು ಯಾವ ಬೋರ್ಡೂ ಮನೆಗೆ ಕಳಿಸೋ ಹಾಗಿಲ್ಲ. ಓಲಾ ಟೀಚರ್ ಟ್ರೈನಿಂಗಿಗೆ ಸೇರಿದ್ದಾಳೆ. ಹುಡುಗ ಒಬ್ಬನಿದ್ದಾನಂತೆ. ಎರಡೂ ಇಟ್ಟುಕೊಳ್ಳಲಿ.

ಶಾಲಾ ಕಮಿಟಿಗೆ ಡೆಲ್ಫಿಯೇ ಮುಖ್ಯಸ್ಥೆ ಈಗ. ಕಾಫಿ ಹಾಕಿ ಅಂದಿದ್ದ ಮನುಷ್ಯ ಅದೇ ಕಮಿಟಿಯಲ್ಲಿದ್ದಾನಂತೆ. ಅವನ ಕಾಫಿ ಅವನೇ ಹಾಕಿಕೊಳ್ಳುತ್ತಾನೆ.

೧೯೫೪, ಫೆಬ್ರವರಿ ೧೮. ಫ್ರಾಂಕ್‌ಫರ್ಟ್

ಬಂದೇ ಬಿಟ್ಟೆ. ಎಪ್ಪತ್ತೊಂಬತ್ತನೇ ವಯಸ್ಸಿಗೆ. ಲಾಂಜೋ ಕರೆತಂದ, ದಾರಿಯುದ್ದ ಎರಡು ಸಲ ಪ್ರಾರ್ಥನೆ ಮಾಡಿದ. ಅವನು ಓಡಿಸೋ ರೀತಿಗೆ ಎರಡು ಸಾಲದು.

ಕಲ್ಲಿನ ಕಟ್ಟಡ. ಕಂಬಗಳು ನಮ್ಮ ಗುಡ್ಡದ ಮರಗಳಿಗಿಂತ ದಪ್ಪ. ಮೇಲೆ ಗ್ಯಾಲರಿಯಲ್ಲಿ ಕೂತಿದ್ದೀನಿ. ಸ್ಪೀಕರಿಗೆ ಮಧ್ಯಾಹ್ನ ಗವರ್ನರ್ ಹತ್ತಿರ ಕೆಲಸವಂತೆ. ಅಷ್ಟು ಹೊತ್ತು ಸಭೆ ನಡೆಸೋಕೆ ಡೆಲ್ಫಿಗೆ ಕೊಟ್ಟಿದ್ದಾನೆ. ಅದಕ್ಕೇ ನನ್ನ ಕರೆಸಿದ್ದು. ಆ ಕುರ್ಚಿಯಲ್ಲಿ ಇವತ್ತಿನ ತನಕ ಹೆಂಗಸು ಕೂತಿದ್ದು ತಾನು ಕಂಡಿಲ್ಲ ಅಂತ ಬಾಗಿಲ ಕಾವಲಿನ ಮುದುಕ ಹೇಳಿದ.

"ಅವಳು ನನ್ನ ಸೊಸೆ," ಅಂದೆ.

"ಆಗಲೇ ನಾಲ್ಕು ಸಲ ಹೇಳಿದ್ರಿ, ಅಮ್ಮಾ," ಅಂದ.

ಸ್ಪೀಕರ್ ಎದ್ದ. ಮರದ ಸುತ್ತಿಗೆ ಅವಳ ಕೈಗೆ ಕೊಟ್ಟ. ಹತ್ತಿ ಕೂತಳು. ಕುರ್ಚಿ ಬಹಳ ದೊಡ್ಡದು. ಆದರೂ ಅದರೊಳಗೆ ಕಳೆದುಹೋಗಿಲ್ಲ, ಬೆನ್ನು ನೆಟ್ಟಗೆ.

ಕೆಳಗೆ ಗಲಾಟೆ. ಕೆಲವರು ನಗ್ತಿದ್ದಾರೆ. ಒಬ್ಬ ಎದ್ದು, "ಮಿಸ್ಟರ್ ಸ್ಪೀ—" ಅಂದು ಕಚ್ಚಿಕೊಂಡ. ಇನ್ನೂ ನಗು. ಲಾಂಜೋ ಕಂಬಿ ಹಿಡಿದು ಬಗ್ಗಿ, "ಸುಮ್ಮನಿರ್ರಯ್ಯಾ, ಅಮ್ಮ ಮಾತಾಡಬೇಕು!" ಅಂದ. ಲಾಂಜೋ! ಕಾವಲಿನವನು ಬಂದು ಭುಜ ಹಿಡಿದು ಕೂರಿಸಿದ.

ಡೆಲ್ಫಿ ಸುತ್ತಿಗೆ ಎತ್ತಿದಳು. ಹೊಡೀಲಿಲ್ಲ. ಎತ್ತಿ ಹಿಡಿದು, ಮೂವತ್ತು ಮಕ್ಕಳ ಕ್ಲಾಸಿನ ಮುಂದೆ ನಿಂತ ಹಾಗೆ, ಕಾಯ್ತಾ ಇದ್ದಾಳೆ. ಒಬ್ಬೊಬ್ಬರೇ ಕೂರ್ತಿದ್ದಾರೆ. ಮುಂದಿನ ಸಾಲು. ಆ ಮೂಲೆಯವನು. ಕೊನೆಯವನೂ ಕೂತ.

ಸದ್ದಿಲ್ಲ. ನನ್ನ ಪೆನ್ಸಿಲಿನದ್ದೊಂದೇ ಸದ್ದು, ಕಾವಲಿನ ಮುದುಕ ಈ ಕಡೆಗೇ ನೋಡ್ತಿದ್ದಾನೆ. ಈಗ ಬಾಯಿ ತೆಗೀತಾಳೆ, ನಾನಿನ್ನು ಪೆನ್ಸಿಲ್ ಕೆಳಗಿ—